ಎಡಗಡೆಯ ಮುಳ್ಳು

"ಮೇಡಂ..."

ಅವಳು ತಿರುಗಲಿಲ್ಲ.

"ಮೇಡಂ, ಸ್ವಲ್ಪ ಇಲ್ಲಿ ನೋಡ್ತೀರಾ?"

ಊಹೂಂ. ಬಗ್ಗಿಸಿದ ತಲೆ ಬಗ್ಗಿಸಿದ ಹಾಗೇ ಇತ್ತು.

ಭಾರದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಎಡಗಡೆ ನಿಂತಿದ್ದವನಿಗೆ ಸಣ್ಣಗೆ ಸಿಟ್ಟು ಬಂತು. ಎಂಥ ಗರ್ವ ಈ ಹುಡುಗಿಗೆ! ಗಿರಾಕಿ ಪಕ್ಕದಲ್ಲೇ ನಿಂತು ಕರೆದರೂ ಕತ್ತೆತ್ತಿ ನೋಡಬಾರದೇ? ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಮೂರನೇ ಸಲ ಕರೆದು, ಅದಕ್ಕೂ ಉತ್ತರ ಬಾರದಿದ್ದಾಗ ಅವಳ ಮೇಜನ್ನು ತಟ್ಟಲು ಕೈ ಚಾಚಿದ.

ಸರಿಯಾಗಿ ಅದೇ ಹೊತ್ತಿಗೆ ಅವಳು ತಿರುಗಿದಳು. ಅವಳ ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇತ್ತು!

ಮುಂದಿನ ಐದು ನಿಮಿಷ ಅವನ ಕೈ ನಲ್ಲಿಯ ಕೆಳಗೆ, ಅವಳ ಕೈಯೊಳಗೆ ಇತ್ತು. ಅವಳು ಕ್ಷಮೆ ಕೇಳಿದ್ದೇ ಕೇಳಿದ್ದು, ಅವನು ಪರವಾಗಿಲ್ಲ ಅಂದಿದ್ದೇ ಅಂದಿದ್ದು. ಮೊದಲ ಭೇಟಿಯಲ್ಲೇ ಕೈ ಸುಟ್ಟುಕೊಂಡ ಪ್ರೇಮಿ ಅಂತ ನೀವು ನಗಬಹುದು. ನಗಿ, ಆಮೇಲೆ ನಗುವುದಕ್ಕೆ ಇಲ್ಲಿ ಹೆಚ್ಚೇನೂ ಇಲ್ಲ.

ಒಳಗಿಂದ ಅವಳ ಅಪ್ಪ ಓಡಿ ಬಂದರು. "ಕೆಲಸಕ್ಕೆ ಕೂತ್ರೆ ಅವಳಿಗೆ ಮೈಮೇಲೆ ಪ್ರಜ್ಞೆ ಇರಲ್ಲಪ್ಪ, ತಪ್ಪು ತಿಳ್ಕೋಬೇಡ" ಅಂದರು. ಹಾಗನ್ನುವಾಗ ಮಗಳ ಕಡೆ ನೋಡಿದರು. ಆ ನೋಟದ ಅರ್ಥ ಅಪ್ಪ ಮಗಳಿಗೆ ಮಾತ್ರ ಗೊತ್ತಿತ್ತು.

ಅವಳಿಗೆ ಎಡಗಿವಿ ಕೇಳುತ್ತಿರಲಿಲ್ಲ.

ಒಂಬತ್ತನೇ ವಯಸ್ಸಿನಲ್ಲಿ ಬಂದ ಮಂಗನಬಾವು ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಬೇರೆ ಯಾರ ಮನೆಯ ಮಗಳಾಗಿದ್ದರೂ ಅದನ್ನು ಮುಚ್ಚಿಡುವ ಗರಜೇ ಇರುತ್ತಿರಲಿಲ್ಲ. ಆದರೆ ಅವಳ ಅಪ್ಪನ ಅಂಗಡಿ ಹಳೆಯ ರೇಡಿಯೊ, ಗ್ರಾಮಫೋನ್, ಸ್ಪೂಲ್ ಟೇಪ್ ರೆಕಾರ್ಡರ್‌ಗಳಿಗೆ ಮತ್ತೆ ಜೀವ ಕೊಡುವ ಅಂಗಡಿ. ಇಲ್ಲಿಗೆ ಬರುವವರು ಕಿವಿಗಾಗಿ ಪ್ರಾಣ ಬಿಡುವ ಜನ. ರಿಪೇರಿ ಮಾಡುವವಳಿಗೆ ಒಂದೇ ಕಿವಿ ಅಂತ ಗೊತ್ತಾದರೆ ಯಾರು ತಾನೇ ಪೆಟ್ಟಿಗೆ ಕೊಡುತ್ತಾರೆ? ಅಪ್ಪ ಅದನ್ನು ಹೇಳಿ ಹೇಳಿ ಅವಳ ತಲೆಗೆ ಮೊಳೆ ಹೊಡೆದ ಹಾಗೆ ಕೂರಿಸಿದ್ದರು.

ಅವರ ಕೆಲಸಕ್ಕೊಂದು ಪದ್ಧತಿಯಿತ್ತು. ಬೆಲ್ಟ್ ಬದಲಾಯಿಸಿ, ಟೇಪ್ ತಾಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸತ್ತ ಕಂಡೆನ್ಸರ್‌ಗಳನ್ನು ತೆಗೆದು ಹೊಸದು ಹಾಕಿದ ಮೇಲೆ, ಒಂದು ಟೇಪನ್ನು ಮೊದಲಿಂದ ಕೊನೆಯವರೆಗೆ ಹೆಡ್‌ಫೋನಿನಲ್ಲಿ ಕೇಳಬೇಕು. ಬಲಗಡೆಯ ಧ್ವನಿ ಅವಳು ಕೇಳುತ್ತಿದ್ದಳು, ಎಡಗಡೆಯದು ಅಪ್ಪ. ಆಮೇಲೆ ಪೆಟ್ಟಿಗೆಯ ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟುತ್ತಿದ್ದರು. ಅದರ ಮೇಲೆ ಅವಳ ಅಕ್ಷರದಲ್ಲಿ "ಬಲ ಸರಿ, ಎಡ ಸರಿ." ಆ ಚೀಟಿಯಿಲ್ಲದೆ ಅಂಗಡಿಯಿಂದ ಒಂದು ಪೆಟ್ಟಿಗೆಯೂ ಹೊರಗೆ ಹೋಗುತ್ತಿರಲಿಲ್ಲ.

ಇನ್ನು ಕೈ ಸುಟ್ಟುಕೊಂಡವನ ವಿಷಯ. ಕಣ್ಣು ಕಾಣದವರಿಗಾಗಿ ನಡೆಯುವ ಒಂದು ಗ್ರಂಥಾಲಯದಲ್ಲಿ ಅವನಿಗೆ ಕೆಲಸ. ಪುಸ್ತಕಗಳನ್ನು ಜೋರಾಗಿ ಓದಿ ಟೇಪಿನಲ್ಲಿ ತುಂಬಿಸಿಕೊಡುವುದು. ಟೇಪ್ ಉಳಿಸಲು ಬಲಗಡೆ ಒಂದು ಪುಸ್ತಕ, ಎಡಗಡೆ ಇನ್ನೊಂದು ಪುಸ್ತಕ ತುಂಬಿಸುತ್ತಿದ್ದರು. ಎಲ್ಲರೂ ಅವನನ್ನು ಓದೋ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ಅವನು ಬಿಟ್ಟುಹೋದ ಟೇಪನ್ನು ಅವಳು ಆ ಮಧ್ಯಾಹ್ನ ಕೇಳಿದಳು. ಯಾವುದೋ ಸಮುದ್ರದ ಜೀವಿಗಳ ಬಗ್ಗೆ ಬರೆದ ಪಠ್ಯ. ಏಡಿ ಹೇಗೆ ಚಿಪ್ಪು ಬದಲಾಯಿಸುತ್ತದೆ ಅಂತ ಅವನು ಓದುತ್ತಿದ್ದ.

ಅಷ್ಟೇ. ಏಡಿಯ ಚಿಪ್ಪು. ಅದನ್ನು ಕೇಳಿ ಅವಳಿಗೇಕೆ ಕಣ್ಣಲ್ಲಿ ನೀರು ಬರಬೇಕು? ಅಷ್ಟು ಸಮಾಧಾನದ ದನಿ ಅದು. ಯಾರನ್ನೂ ಗದರದ, ಯಾವುದಕ್ಕೂ ಅವಸರವಿಲ್ಲದ ದನಿ... ಇರುವ ಒಂದು ಕಿವಿಯನ್ನು ಇದಕ್ಕೇ ಉಳಿಸಿಕೊಂಡಿದ್ದೆನೇನೋ ಅನ್ನಿಸಿತು ಅವಳಿಗೆ.

ಆಮೇಲೆ ಗ್ರಂಥಾಲಯದ ಪೆಟ್ಟಿಗೆಗಳು ಪದೇ ಪದೇ ಕೆಡತೊಡಗಿದವು. ಚೆನ್ನಾಗಿರುವ ಬೆಲ್ಟೂ ಸಡಿಲವಾಗಿದೆ ಅಂತ ಅವನು ಹೊತ್ತು ತರುತ್ತಿದ್ದ. ಅವಳೂ ಕಡಿಮೆಯಿರಲಿಲ್ಲ, ಒಂದು ದಿನದ ಕೆಲಸಕ್ಕೆ ಮೂರು ದಿನ ಬೇಕು ಅನ್ನುತ್ತಿದ್ದಳು. ಗಿರಾಕಿಗಳು ಕೂರುವ ಸ್ಟೂಲನ್ನು ಎಡಗಡೆಯಿಂದ ತೆಗೆದು ತನ್ನ ಬಲಗಡೆ ಹಾಕಿಕೊಂಡಳು. ಯಾಕೆ ಅಂತ ಅವನು ಕೇಳಿದ್ದಕ್ಕೆ, ಆ ಕಡೆ ಬೆಳಕು ಚೆನ್ನಾಗಿದೆ ಅಂತ ಸುಳ್ಳು ಹೇಳಿದಳು.

ವಿಚಿತ್ರ ಏನೆಂದರೆ, ಓದುವಾಗ ಒಂದು ಅಕ್ಷರ ತಡವರಿಸದ ಆಸಾಮಿ ಎದುರಿಗೆ ಕೂತಾಗ ನಾಲ್ಕು ಮಾತಿಗೆ ಮೂರು ಸಲ ತೊದಲುತ್ತಿದ್ದ. ಅವಳಿಗೆ ಅದೂ ಇಷ್ಟವಾಗುತ್ತಿತ್ತು.

ಎಂಟು ತಿಂಗಳು ಹೀಗೇ ಕಳೆಯಿತು.

ಒಂದು ಬೆಳಗ್ಗೆ ಅಪ್ಪ ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿಬಿಟ್ಟರು. ತೊಡೆಯ ಮೇಲೆ ಬಿಚ್ಚಿದ ರೇಡಿಯೊ, ಕೈಯಲ್ಲಿ ಸ್ಕ್ರೂ ಡ್ರೈವರ್. ಒಳಗೆ ಚಹಾ ಸೋಸುತ್ತಿದ್ದ ಅವಳನ್ನು ಅವರು ಕೂಗಿರಬಹುದು. ನೀರು ಬಿಡುತ್ತಿದ್ದ ನಲ್ಲಿ ಅವಳ ಬಲಗಡೆಗಿತ್ತು, ಅಂಗಡಿ ಎಡಗಡೆಗೆ. ಕೂಗಿದರೋ ಇಲ್ಲವೋ ಅವಳಿಗೆ ಎಂದೂ ಗೊತ್ತಾಗಲಿಲ್ಲ. ಆ ಸಂಕಟವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಅಪ್ಪನ ಅಕ್ಕ ಬಂದು ಮನೆಯಲ್ಲಿ ಉಳಿದರು. ಅತ್ತೆಯ ಬಾಯಿ ಜೋರು, ಮನಸ್ಸು ಬೆಣ್ಣೆ. ಅಂಗಡಿಯ ಬಾಗಿಲ ಬಳಿ ಕುರ್ಚಿ ಹಾಕಿ ಬಟಾಣಿ ಸುಲಿಯುತ್ತಾ, ಗೋಡೆಯ ಸ್ಪೀಕರಿನಲ್ಲಿ ಬರುವ ಓದೋ ಮೇಷ್ಟ್ರ ಕಥೆಗಳನ್ನು ಪುಕ್ಕಟೆ ಕೇಳುತ್ತಿದ್ದರು. ಅಂಗಡಿಯಲ್ಲಿದ್ದದ್ದು ಅದೊಂದೇ ಸ್ಪೀಕರು, ಅದಕ್ಕೆ ಬಲಗಡೆಯ ಧ್ವನಿ ಮಾತ್ರ ಬರುತ್ತಿತ್ತು.

ಎಡಗಡೆಯದನ್ನು ಕೇಳಲು ಈಗ ಅಪ್ಪನ ಕಿವಿಯಿರಲಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಎಡಗಡೆಯದನ್ನೂ ಬಲಗಿವಿಯಲ್ಲೇ ಕೇಳುತ್ತಿದ್ದಳು. ಗಿರಾಕಿ ಎದುರಿಗಿದ್ದರೆ ಹಾಗೆ ಮಾಡುವಂತಿರಲಿಲ್ಲ, ಗುಟ್ಟು ರಟ್ಟಾಗುತ್ತದೆ. ಆಗ ಪೆಟ್ಟಿಗೆಯ ಮುಂದಿನ ಎರಡು ಗಾಜಿನ ಕಿಂಡಿಗಳಲ್ಲಿ ಧ್ವನಿಗೆ ತಕ್ಕಂತೆ ಆಡುವ ಮುಳ್ಳುಗಳಿವೆಯಲ್ಲ, ಅದರಲ್ಲಿ ಎಡಗಡೆಯ ಮುಳ್ಳು ಕುಣಿಯುತ್ತಿದ್ದರೆ ಸರಿಯಿದೆ ಅಂತ ಬರೆಯುತ್ತಿದ್ದಳು.

ತಪ್ಪಾದದ್ದು ಅಲ್ಲೇ.

ಅಪ್ಪ ಹೋಗಿ ಎರಡು ತಿಂಗಳಾಗಿರಬಹುದು. ಗ್ರಂಥಾಲಯವನ್ನು ದೂರದ ಪಟ್ಟಣಕ್ಕೆ ಎತ್ತುತ್ತಾರೆಂದು ಸುದ್ದಿ ಬಂತು. ಅದರ ಮರುವಾರ ಅವನು ತನ್ನ ಸ್ವಂತದ ಪೆಟ್ಟಿಗೆ ಹೊತ್ತು ತಂದ. ರಿಪೇರಿ ಮುಗಿಯುವ ದಿನ ತಾನೇ ಬಂದು ಸ್ಟೂಲಿನ ಮೇಲೆ ಕೂತ.

"ಟೇಪ್ ಅದರಲ್ಲೇ ಇದೆ," ಅಂದ. "ನಿಮ್ಮ ಪದ್ಧತಿ ಪ್ರಕಾರ ಪೂರ್ತಿ ಕೇಳಿ. ಎರಡೂ ಕಡೆ. ಆಮೇಲೆ... ಚೀಟಿ ಬರೆದು ಕೊಡಿ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಬಲಗಡೆ ಅವನು ಹಕ್ಕಿಗಳ ವಲಸೆಯ ಬಗ್ಗೆ ಏನೋ ಓದುತ್ತಿದ್ದ. ಅದೇ ಸಮಾಧಾನದ ದನಿ. ಎಡಗಡೆಯ ಮುಳ್ಳು ಬೇರೆಯೇ ರೀತಿ ಆಡುತ್ತಿತ್ತು, ಸ್ವಲ್ಪ ಹೊತ್ತು ಕುಣಿದು ಸುಮ್ಮನೆ ನಿಂತುಬಿಡುವುದು, ಮತ್ತೆ ಕುಣಿಯುವುದು. ಇನ್ಯಾವುದೋ ಪುಸ್ತಕ ಇರಬೇಕು ಅಂದುಕೊಂಡಳು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳಿಗೆ ನಾಚಿಕೆಯಾಯಿತು. 'ಹೋಗುವ ಮುಂಚೆ ಏನಾದರೂ ಹೇಳುತ್ತಾನಾ? ಹೇಳಲಿ ದೇವರೇ... ಇವತ್ತಾದರೂ ಹೇಳಲಿ' ಅಂತ ಒಳಗೊಳಗೇ ಹಂಬಲಿಸಿದಳು.

ಪಾಪ! ಅವನು ಹೇಳುತ್ತಲೇ ಇದ್ದ. ಅವಳ ಎಡಗಿವಿಯ ಮೇಲೆಯೇ ಹೇಳುತ್ತಿದ್ದ.

ಟೇಪ್ ಮುಗಿಯಿತು. ಹೆಡ್‌ಫೋನ್ ತೆಗೆದು, ಚೀಟಿ ಎಳೆದುಕೊಂಡು, ನೂರಾರು ಸಲ ಬರೆದದ್ದನ್ನೇ ಮತ್ತೊಮ್ಮೆ ಬರೆದಳು. ಬಲ ಸರಿ, ಎಡ ಸರಿ. ದಾರ ಕಟ್ಟಿ ಗಂಟು ಹಾಕಿದಳು.

ಅವನು ಆ ಚೀಟಿಯನ್ನು ಬಹಳ ಹೊತ್ತು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಎಡಗಡೆದು... ಪೂರ್ತಿ ಕೇಳಿದ್ರಾ?"

ಇಲ್ಲ ಅನ್ನಬಹುದಿತ್ತು. ನನಗೆ ಆ ಕಿವಿ ಇಲ್ಲ ಅಂದುಬಿಡಬಹುದಿತ್ತು. ಆದರೆ ಅವಳಿಗೆ ಅಪ್ಪನ ಮಾತು ನೆನಪಾಯಿತು, ಅಂಗಡಿ ನೆನಪಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಇವನ ಮುಂದೆ ಕುಂದಿನವಳಾಗಿ ನಿಲ್ಲುವುದು ಬೇಡವೆನಿಸಿತು.

"ಕೇಳಿದೆ," ಅಂದಳು.

"ಸರಿ."

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ಅತ್ತೆಗೆ ನಮಸ್ಕಾರ ಹೇಳಿದ. ಅವಳ ಕಡೆ ತಿರುಗಲಿಲ್ಲ.

ಒಂದು ಮಾತು ಹೇಳದೆ ಹೋದನಲ್ಲ! ಅವಳು ಕಾದಳು. ವಾರ, ತಿಂಗಳು, ವರ್ಷ. ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಗ್ರಂಥಾಲಯದವರು ಅಲ್ಲೇ ಯಾರೋ ಬೇರೆ ರಿಪೇರಿಯವರನ್ನು ಹುಡುಕಿಕೊಂಡರು. ಮೊದಲು ಅಳು ಬರುತ್ತಿತ್ತು, ಆಮೇಲೆ ಕೋಪ, ಕೊನೆಗೆ ಎರಡೂ ಇಲ್ಲ. ಬಲಗಡೆಯ ಸ್ಟೂಲಿನ ಮೇಲೆ ಹಳೆಯ ವಾಲ್ವ್‌ಗಳ ಡಬ್ಬ ಬಂದು ಕೂತಿತು.

ಹೀಗೆ ಆರು ವರ್ಷ.

ಆರನೆಯ ವರ್ಷ ಅವಳ ಬಲಗಿವಿಯಲ್ಲಿ ಸಣ್ಣ ಕೀಚಲು ಸದ್ದು ಶುರುವಾಯಿತು. ಅತ್ತೆ ಒಳಗಿಂದ ಕರೆದರೆ ಕೇಳದು. ಬಾಗಿಲ ಗಂಟೆ ಕೇಳದು. ಪರೀಕ್ಷೆ ಮಾಡಿದ ವೈದ್ಯೆ ಮುಚ್ಚುಮರೆ ಮಾಡಲಿಲ್ಲ. ಈ ಕಿವಿಯ ನರವೂ ಸೋಲುತ್ತಿದೆ, ಒಂದು ವರ್ಷವೋ ಎರಡೋ, ಶ್ರವಣಯಂತ್ರ ಹಾಕಿದರೆ ಇನ್ನೂ ಸ್ವಲ್ಪ ದಿನ ಎಳೆಯಬಹುದು ಅಂದರು. ಕೇಳಬೇಕಾದ್ದನ್ನೆಲ್ಲ ಈಗಲೇ ಕೇಳಿಬಿಡಿ ಅಂತಲೂ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ದಾರಿಯುದ್ದಕ್ಕೂ ಅವಳು ಯೋಚಿಸಿದಳು. ತಾನು ಕೇಳಬೇಕೆಂದಿರುವ ದನಿ ಒಂದೇ, ಅದು ಈ ಊರಲ್ಲಿಲ್ಲ.

ಅದಾದ ಹದಿನೈದು ದಿನಕ್ಕೆ ಅಂಗಡಿಯ ಮುಂದೆ ಒಂದು ವ್ಯಾನ್ ನಿಂತಿತು. ಗ್ರಂಥಾಲಯದ್ದು! ಅಲ್ಲಿನ ರಿಪೇರಿಯವನು ಅಂಗಡಿ ಮುಚ್ಚಿದನಂತೆ. ಮೂಲೆಗೆ ಬಿದ್ದಿದ್ದ ನಾಲ್ಕು ಪೆಟ್ಟಿಗೆಗಳನ್ನು ಸರಿಮಾಡಿಸಲು ಹೊಸ ಮೇಲ್ವಿಚಾರಕರು ಹಳೆಯ ವಿಳಾಸ ಹುಡುಕಿ ಕಳಿಸಿದ್ದರು.

ನಾಲ್ಕನೆಯ ಪೆಟ್ಟಿಗೆಯ ಹಿಡಿಯಲ್ಲಿ ಮಾಸಿದ ಚೀಟಿಯೊಂದು ಇನ್ನೂ ನೇತಾಡುತ್ತಿತ್ತು. ಅವಳದೇ ಅಕ್ಷರ.

ಇದು ಮೇಷ್ಟ್ರ ಸ್ವಂತದ್ದಲ್ಲವಾ ಅಂತ ಡ್ರೈವರನ್ನು ಕೇಳಿದಳು. ಹೌದು, ಊರು ಬದಲಾಯಿಸಿದ ದಿನವೇ ಮೇಷ್ಟ್ರು ಇದನ್ನು ಗ್ರಂಥಾಲಯಕ್ಕೆ ಕೊಟ್ಟುಬಿಟ್ಟರು, ಯಾರೂ ಬಳಸಲಿಲ್ಲ, ಕಪಾಟಿನ ಮೇಲೇ ಇತ್ತು ಅಂದ. ಆಮೇಲೆ ಕೇಳದಿದ್ದರೂ ತಾನೇ ಮುಂದುವರಿಸಿದ. ಮೇಷ್ಟ್ರು ಚೆನ್ನಾಗಿದ್ದಾರೆ, ಕೂದಲು ಬೆಳ್ಳಗಾಗಿದೆ, ಮದುವೆ ಗಿದುವೆ ಏನೂ ಇಲ್ಲ, ಮೈಕನ್ನೇ ಮದುವೆಯಾಗಿದ್ದಾರೆ ಅಂತ ನಾವೆಲ್ಲ ತಮಾಷೆ ಮಾಡುತ್ತೇವೆ ಅಂತ.

ಎರಡು ದಿನ ಅವಳು ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೂರನೆಯ ದಿನ ಮುಚ್ಚಳ ಬಿಚ್ಚಿದಳು. ಬೆಲ್ಟ್ ಕರಗಿ ಅಂಟಾಗಿತ್ತು, ಅದನ್ನು ಉಜ್ಜಿ ತೆಗೆದು ಹೊಸದು ಹಾಕಿದಳು. ಹೆಡ್ ಒರೆಸಿದಳು. ಟೇಪ್ ಅದರಲ್ಲೇ ಇತ್ತು.

ಅಪ್ಪನ ಕಾಲದ ಹೆಡ್‌ಫೋನ್ ಹಾಕಿಕೊಂಡರೆ ಬಲಗಡೆಯದು ಸತ್ತಿತ್ತು, ಒಳಗೆ ವೈರು ತುಂಡಾಗಿರಬೇಕು. ಬೆಸುಗೆ ಹಾಕಿ ಕೂರುವಷ್ಟು ತಾಳ್ಮೆ ಇವತ್ತು ಅವಳಿಗಿರಲಿಲ್ಲ. ಕೆಲಸ ಮಾಡುತ್ತಿದ್ದ ಎಡಗಡೆಯದು ಒಳ್ಳೆಯ ಕಿವಿಗೆ ಬರುವ ಹಾಗೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡಳು.

ಹಕ್ಕಿಗಳ ವಲಸೆ ಬರಲಿಲ್ಲ.

"ಇದು ಪುಸ್ತಕ ಅಲ್ಲ. ನಾನೇ ಮಾತಾಡ್ತಿದ್ದೀನಿ..."

ಅವಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಎಡಗಡೆ ಯಾಕೆ ಅಂದ್ರೆ, ನಿಮ್ಮ ಅಂಗಡಿ ಸ್ಪೀಕರಲ್ಲಿ ಬರೀ ಬಲಗಡೆದು ಬರುತ್ತೆ. ನಿಮ್ಮ ಅತ್ತೆ ಕೇಳಿಸ್ಕೊಂಡ್ರೆ ನಾನು ಮತ್ತೆ ಆ ಬಾಗಿಲು ದಾಟೋ ಹಾಗಿಲ್ಲ. ಇದು ನಿಮಗೊಬ್ರಿಗೇ ಕೇಳ್ಸಬೇಕು."

ಮಾತು ನಿಂತಿತು. ಎಡಗಡೆಯ ಮುಳ್ಳು ಸುಮ್ಮನಾಯಿತು. ಅಂದು ನೋಡಿದ್ದ ಅದೇ ನಿಲುಗಡೆ...

"ಬೇರೆಯವರು ಬರೆದಿದ್ದು ಅಂದ್ರೆ ದಿನವಿಡೀ ಓದ್ತೀನಿ. ನನ್ನ ಮಾತು ಅಂದ್ರೆ ನಾಲಿಗೆ ಏಳಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ. ಅಪ್ಪ ಹೋದ್ಮೇಲೆ ನೀವೊಬ್ರೇ ಆ ಮೇಜಿನ ಮುಂದೆ ಕೂತಿರೋದು ನೋಡಕ್ಕಾಗಲ್ಲ. ಪಕ್ಕದ ಸ್ಟೂಲಲ್ಲಿ ಯಾವಾಗ್ಲೂ ನಾನಿರ್ಬೇಕು ಅನ್ಸುತ್ತೆ. ಹೇಗೆ ಹೇಳ್ಬೇಕೋ ಗೊತ್ತಿಲ್ಲ, ಇಷ್ಟೇ ನನಗೆ ಬರೋದು."

ಮುಳ್ಳು ಮತ್ತೆ ನಿಂತಿತು. ಆಮೇಲೆ ಬಂದ ಮಾತು ಅವಳ ಜೀವ ಹಿಂಡಿತು.

"ಮುಖ ನೋಡಿ ಬೇಡ ಅನ್ನೋ ಕಷ್ಟ ನಿಮಗೆ ಬೇಡ. ಇಷ್ಟ ಇಲ್ಲ ಅಂದ್ರೆ ಎಂದಿನ ಹಾಗೆ ಬಲ ಸರಿ, ಎಡ ಸರಿ ಅಂತ ಬರೀರಿ. ನಾನು ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ, ಮತ್ತೆ ಈ ಮಾತು ಎತ್ತಲ್ಲ. ಒಪ್ಪಿಗೆ ಅಂದ್ರೆ ಏನೂ ಬರೀಬೇಡಿ. ಖಾಲಿ ಚೀಟಿ ಕಟ್ಟಿ. ನನಗೆ ಅಷ್ಟು ಸಾಕು."

ಟೇಪ್ ಮುಗಿದು ಸ್ಪೂಲ್ ಸುಮ್ಮನೆ ಸುತ್ತುತ್ತಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆರು ವರ್ಷ! ತನ್ನ ಕೈಯಾರೆ, ತನ್ನದೇ ಅಕ್ಷರದಲ್ಲಿ ಬೇಡ ಅಂತ ಬರೆದುಕೊಟ್ಟು, ಅವನು ಯಾಕೆ ಬರಲಿಲ್ಲ ಅಂತ ಆರು ವರ್ಷ ಅವನನ್ನೇ ಶಪಿಸಿದ್ದಳು. ಕೇಳಿದೆ ಅಂದುಬಿಟ್ಟೆನಲ್ಲ... ಕೇಳದೇನೇ ಕೇಳಿದೆ ಅಂದೆನಲ್ಲ!

ಅತ್ತೆ ಬಟಾಣಿಯ ಬುಟ್ಟಿ ಬಿಟ್ಟು ಓಡಿ ಬಂದರು. ಬಲಗಡೆಗೆ ಬಂದು ಕೂತು, ಅವಳ ಬೆನ್ನು ಸವರುತ್ತಾ ಎಲ್ಲ ಕೇಳಿ ತಿಳಿದುಕೊಂಡರು. ಮೊದಲು ತಮ್ಮ ಹಣೆ ಚಚ್ಚಿಕೊಂಡರು. ತನ್ನ ಕಿವಿಗೆ ಹೆದರಿ ಆ ಹುಡುಗ ಮನಸ್ಸಿನ ಮಾತನ್ನು ಎಡಗಡೆ ತುಂಬಿಸಿದನಲ್ಲ ಅಂತ ಅವರಿಗೂ ಕಣ್ಣೀರು ಬಂತು. ಆಮೇಲೆ ಸೆರಗಿನಿಂದ ಅವಳ ಮುಖ ಒರೆಸಿ, ನಾಳೆ ಮೊದಲ ಬಸ್ಸಿಗೆ ಹೊರಡು ಅಂದರು.

ಅವಳು ಒಪ್ಪಲಿಲ್ಲ. ಇನ್ನೊಂದು ವರ್ಷಕ್ಕೆ ಪೂರ್ತಿ ಕಿವುಡಿಯಾಗುವವಳು ಹೋಗಿ ಏನಂತ ಕೇಳುವುದು? ಅವನ ಆಸ್ತಿಯೆಂದರೆ ದನಿ. ಅದನ್ನು ಕೇಳಲಾರದವಳನ್ನು ಕಟ್ಟಿಕೊಂಡು ಅವನು ಏನು ಮಾಡಬೇಕು? ನಾನು ಯಾರಿಗೂ ಹೊರೆಯಾಗಲಾರೆ ಅಂದಳು.

"ಅದನ್ನ ಅವನು ಹೇಳ್ಲಿ ಕಣೇ," ಅಂದರು ಅತ್ತೆ. "ಒಂದು ಸಲ ಕೇಳಿಸ್ಕೊಳ್ದೇನೆ ಉತ್ತರ ಬರ್ದೆ. ಈಗ ಅವನ ಉತ್ತರಾನೂ ನೀನೇ ಬರೀಬೇಡ."

ಮರುದಿನ ಮಧ್ಯಾಹ್ನ ಅವಳು ಆ ಪಟ್ಟಣದಲ್ಲಿ ಬಸ್ಸಿಳಿದಳು. ಪೆಟ್ಟಿಗೆಯ ಭಾರಕ್ಕೆ ಕೈ ಎರಡೂ ಕೆಂಪಾಗಿದ್ದವು.

ಗ್ರಂಥಾಲಯದ ಉದ್ದನೆಯ ಕೋಣೆಯಲ್ಲಿ ಐದಾರು ಜನ ಕಣ್ಣು ಕಾಣದವರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಕೊನೆಯಲ್ಲಿ ಗಾಜಿನ ಬಾಗಿಲಿನ ಚಿಕ್ಕ ಕೊಠಡಿ, ಅದರ ಮೇಲೆ ಕೆಂಪು ದೀಪ. ಗಾಜಿನಾಚೆ ಅವನ ಬೆನ್ನು ಕಾಣುತ್ತಿತ್ತು. ಹೌದು, ಕೂದಲು ಬೆಳ್ಳಗಾಗಿತ್ತು.

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕೂತಳು. ಹಳೆಯ ಚೀಟಿಯನ್ನು ಕಿತ್ತು ಹೊಸದು ಕಟ್ಟಿದ್ದಳು. ಎದ್ದು ಹೋಗಿಬಿಡಲಾ ಅನ್ನಿಸಿತು. ಕಣ್ಣು ಮುಚ್ಚಿಕೊಂಡಳು.

ಕೆಂಪು ದೀಪ ಆರಿದ್ದು ಅವಳಿಗೆ ತಿಳಿಯಲಿಲ್ಲ. ಬಾಗಿಲು ತೆರೆದದ್ದೂ ಕೇಳಲಿಲ್ಲ. ಅವನು ಹೊರಗೆ ಬಂದು, ಅವಳನ್ನು ಕಂಡು, ನಿಂತಲ್ಲೇ ನಿಂತ. ಆಮೇಲೆ ನಿಧಾನವಾಗಿ ಹತ್ತಿರ ಬಂದು ಅವಳ ಎಡಗಡೆ ನಿಂತು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಉತ್ತರವಿಲ್ಲ. ಮೂರನೆಯ ಸಲ ಕರೆಯಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಅವನ ಕೈ ತಾನಾಗಿ ಹಳೆಯ ಸುಟ್ಟ ಗಾಯದ ಗುರುತನ್ನು ಮುಟ್ಟಿಕೊಂಡಿತು.

ಅವಳು ಕಣ್ಣು ತೆರೆದಾಗ ಅವನು ಪೆಟ್ಟಿಗೆಯ ಮುಂದಿದ್ದ. ಚೀಟಿಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಎರಡೂ ಕಡೆ ಖಾಲಿ.

"ಇದು... ಈಗ..." ಅವನು ತೊದಲಿದ.

"ಮೊದಲು ನಾನು ಹೇಳೋದು ಕೇಳಿ," ಅಂದಳು ಅವಳು. "ನನಗೆ ಚಿಕ್ಕಂದಿನಿಂದ ಎಡಗಿವಿ ಕೇಳಲ್ಲ. ಅಂಗಡಿ ಹೋಗುತ್ತೆ ಅಂತ ಅಪ್ಪ ಯಾರಿಗೂ ಹೇಳಗೊಟ್ಟಿರಲಿಲ್ಲ. ಅವತ್ತು ನೀವು ಹೇಳಿದ್ದು ನನಗೆ ಒಂದಕ್ಷರ ಕೇಳ್ಸಲಿಲ್ಲ. ಮುಳ್ಳು ಕುಣಿಯೋದು ನೋಡಿ ಬರ್ದುಬಿಟ್ಟೆ. ಕೇಳಿದೆ ಅಂತ ಸುಳ್ಳು ಹೇಳ್ದೆ. ನಿನ್ನೆ ಕೇಳಿಸ್ಕೊಂಡೆ, ಪೂರ್ತಿ."

ಅವನ ಕಣ್ಣು ತುಂಬಿ ಬಂದಿತ್ತು.

"ಇನ್ನೊಂದಿದೆ. ಬಲಗಿವೀನೂ ಹೋಗ್ತಿದೆ. ಒಂದು ವರ್ಷ, ಹೆಚ್ಚಂದ್ರೆ ಎರಡು. ಆಮೇಲೆ ನೀವು ಏನು ಓದಿದ್ರೂ ನನಗೆ ತಲುಪಲ್ಲ. ಅದನ್ನ ಮುಚ್ಚಿಟ್ಟು ಈ ಚೀಟಿ ಕೊಡಬಾರದು ಅಂತ ಹೇಳ್ತಿದ್ದೀನಿ. ಬೇಡ ಅನ್ಸಿದ್ರೆ ನೀವೇ ಬರೀರಿ. ಎಂದಿನ ಹಾಗೆ."

ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು.

ಅವನು ಪೆನ್ನನ್ನು ನೋಡಿದ. ಚೀಟಿಯನ್ನು ದಾರದಿಂದ ಬಿಚ್ಚಿ, ಖಾಲಿಯಾಗಿದ್ದ ಹಾಗೇ ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಪಕ್ಕದಲ್ಲಿದ್ದ ಸ್ಟೂಲನ್ನು ಎತ್ತಿ, ಅವಳ ಹಿಂದಿನಿಂದ ಸುತ್ತಿ ಬಂದು, ಬಲಗಡೆ ಹಾಕಿ ಕೂತ.

"ಇಲ್ಲಿ ಬೆಳಕು ಚೆನ್ನಾಗಿದೆ," ಅಂದ.

ಅವಳು ನಕ್ಕಳು. ನಗುತ್ತಾ ಅತ್ತಳು. ಅವನು ಅವಳ ಕೆಂಪಾದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಏನಾದ್ರೂ ಓದ್ಲಾ?"

"ಬೇಡ. ನಿಮ್ಮ ಮಾತೇ ಹೇಳಿ. ತೊದಲಿದ್ರೂ ಪರವಾಗಿಲ್ಲ."

"ಆರು ವರ್ಷದ್ದು ಇದೆ. ತುಂಬಾ ಹೊತ್ತು ಹಿಡಿಯುತ್ತೆ."

"ಎಷ್ಟು ದಿನ ಕೇಳ್ಸುತ್ತೋ ಗೊತ್ತಿಲ್ಲ," ಅಂದಳು ಅವಳು.

"ಹಾಗಾದ್ರೆ ಈಗ್ಲೇ ಶುರು ಮಾಡ್ತೀನಿ," ಅಂತ ಅವನು ಅವಳ ಬಲಗಿವಿಯ ಹತ್ತಿರಕ್ಕೆ ಬಗ್ಗಿದ.